ಬರೀ ಗಂಡನ್ನೇ ಹೆರುವ ರಾಣಿ

"ನೊಣ ಬೇಕಾದಷ್ಟು ಉಂಟು ಮಾರಾಯ್ರೆ, ಗುಂಯ್ಯೆನ್ನುವ ಸದ್ದೂ ಜೋರುಂಟು. ತುಪ್ಪ ಮಾತ್ರ ಒಂದು ಚಮಚ ಇಲ್ಲ."

ಫೆಬ್ರುವರಿಯಲ್ಲಿ, ಅಕ್ಕಪಕ್ಕದವರ ಪೆಟ್ಟಿಗೆಗಳಲ್ಲಿ ಜೇನು ಕೋಣೆ ಭಾರವಾಗುತ್ತಿರುವ ಹೊತ್ತಿಗೆ, ಹೊಸದಾಗಿ ಜೇನು ಸಾಕಲು ಹೊರಟವರಿಂದ ಹೀಗೊಂದು ಫೋನು ಬರುವುದು ಕರಾವಳಿ, ಮಲೆನಾಡಿನ ಕಡೆ ಮಾಮೂಲು.

"ಬಾಗಿಲಲ್ಲಿ ಪರಾಗ ಹೊತ್ತು ಬರುವ ನೊಣ ಕಾಣ್ತದಾ?"

"ಅದು ಕಮ್ಮಿಯೇ."

"ನೊಣ ನೋಡ್ಲಿಕ್ಕೆ ಹೇಗಿವೆ?"

"ಸ್ವಲ್ಪ ಕಪ್ಪು, ದಪ್ಪ. ಒಳ್ಳೆ ಪುಷ್ಟಿಯಾಗಿವೆ ಅಣ್ಣ."

ಇಷ್ಟು ಕೇಳಿದ ಮೇಲೆ ಪೆಟ್ಟಿಗೆ ತೆರೆದು ನೋಡುವುದು ಬರೀ ಖಾತ್ರಿಗಾಗಿ. ಆ ಪುಷ್ಟಿಯಾದ ಕಪ್ಪು ನೊಣಗಳೆಲ್ಲ ಗಂಡು. ಅವಕ್ಕೆ ಚುಚ್ಚುವ ಮುಳ್ಳಿಲ್ಲ, ಪರಾಗ ತುಂಬಿಕೊಳ್ಳಲು ಕಾಲಿನಲ್ಲಿ ಬುಟ್ಟಿಯಿಲ್ಲ, ಎರಿ ಕಟ್ಟಲು ಮೇಣದ ಗ್ರಂಥಿಯಿಲ್ಲ. ಅಕ್ಕತಂಗಿಯರು ತಂದಿಟ್ಟದ್ದನ್ನು ಉಂಡು, ಇಳಿಹೊತ್ತಿಗೆ ಒಂದು ಸುತ್ತು ಹಾರಿ ಬರುವುದಷ್ಟೇ ಅವುಗಳ ದಿನಚರಿ. ಪೆಟ್ಟಿಗೆಯಲ್ಲಿ ಒಂದಷ್ಟು ಗಂಡುಗಳಿದ್ದರೆ ಅದು ಆರೋಗ್ಯದ ಲಕ್ಷಣ. ಗಂಡೇ ತುಂಬಿಕೊಂಡಿದ್ದರೆ ರಾಣಿ ಕೆಟ್ಟಿದ್ದಾಳೆ, ಇಲ್ಲವೇ ರಾಣಿಯೇ ಇಲ್ಲ.

ಕೆಟ್ಟ ರಾಣಿ ಎಂದಕೂಡಲೇ ಹವ್ಯಾಸಿಯ ಕೈ ಅವಳನ್ನು ಹುಡುಕಿ ಹಿಸುಕುವುದಕ್ಕೆ ಮುಂದಾಗುತ್ತದೆ. ಕೊನೆಗೆ ಅದನ್ನೇ ಮಾಡಬೇಕಾಗಿ ಬರಬಹುದು. ಆದರೆ ನಾನು ಕಂಡಂತೆ ರಾಣಿಯ ಬಹುಪಾಲು ದೋಷಗಳು ಅವಳು ಕೋಶ ಒಡೆದು ಹೊರಬಂದ ಮೊದಲ ಎರಡು ಮೂರು ವಾರಗಳಲ್ಲೇ ನಿರ್ಧಾರವಾಗಿಬಿಟ್ಟಿರುತ್ತವೆ. ಆ ದಿನಗಳ ಆಕಾಶ, ಊರಿನಲ್ಲಿದ್ದ ಗಂಡುನೊಣಗಳು, ಮತ್ತು ಪೆಟ್ಟಿಗೆಯ ಯಜಮಾನರು ಬಾಗಿಲಿಗೆ ಏನು ಜಡಿದಿದ್ದರು ಎನ್ನುವುದು, ಈ ಮೂರರ ಲೆಕ್ಕ ಸರಿಯಾಗದೆ ರಾಣಿಯನ್ನು ಮಾತ್ರ ಬದಲಿಸಿದರೆ ಹೊಸಬಳೂ ಹಳಬಳ ಹಾದಿಯನ್ನೇ ಹಿಡಿಯುತ್ತಾಳೆ.

ರಾಣಿ ಸಂಗಮಕ್ಕೆ ಗೂಡಿನಿಂದ ಹೊರಗೆ ಹಾರಿ ಹೋಗುತ್ತಾಳೆ ಎಂಬುದೇ ಯುರೋಪಿನ ಪಂಡಿತರಿಗೆ ಬಹಳ ಕಾಲ ತಿಳಿದಿರಲಿಲ್ಲ. ಗೂಡಿನೊಳಗೆ ಗಂಡುನೊಣದ ಗಾಳಿ ಸೋಕಿದರೆ ಸಾಕು ಎಂದು ನಂಬಿದವರಿದ್ದರು. ವಿಯೆನ್ನಾದಲ್ಲಿ ರಾಣಿ ಮರಿಯಾ ತೆರೇಸಾಳ ಕಾಲದಲ್ಲಿ ಜೇನು ಸಾಕಣೆಯ ಮೇಷ್ಟ್ರಾಗಿದ್ದ ಸ್ಲೊವೇನಿಯಾದ ಆಂಟನ್ ಯಾನ್ಶಾ, ಸಂಗಮ ನಡೆಯುವುದು ಹೊರಗಿನ ಗಾಳಿಯಲ್ಲಿ ಎಂದು 18ನೇ ಶತಮಾನದಲ್ಲೇ ಬರೆದಿಟ್ಟ. ಮೇ 20ರಂದು ವಿಶ್ವ ಜೇನುನೊಣ ದಿನ ಎಂದು ನಾವು ಆಚರಿಸುವುದು ಈತನ ನೆನಪಿಗೆ. ಆಮೇಲೆ ಬಂದವನು ಜಿನೀವಾದ ಫ್ರಾಂಸ್ವಾ ಹ್ಯೂಬರ್. ಹರೆಯದಲ್ಲೇ ಕಣ್ಣು ಮಂಜಾಗತೊಡಗಿ ಕುರುಡನಾದವನು. ತನ್ನ ಆಳು ಫ್ರಾಂಸ್ವಾ ಬರ್ನೆನ್ಸ್‌ನ ಕಣ್ಣನ್ನೇ ತನ್ನದಾಗಿಸಿಕೊಂಡು, ಪುಸ್ತಕದ ಹಾಳೆಗಳಂತೆ ತೆರೆಯುವ ಗೂಡು ಮಾಡಿಸಿ, ವರ್ಷಗಟ್ಟಲೆ ಪ್ರಶ್ನೆ ಕೇಳಿ ಉತ್ತರ ಪಡೆದ. 1792ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ ನಮ್ಮ ಫೋನಿನ ಗೆಳೆಯನ ಪ್ರಶ್ನೆಗೂ ಉತ್ತರವಿದೆ. ಹ್ಯೂಬರ್ ಎಳೆಯ ರಾಣಿಯರನ್ನು ಬೇಕೆಂದೇ ಗೂಡಿನಲ್ಲಿ ಕೂಡಿಹಾಕಿದ. ಹುಟ್ಟಿ ಸುಮಾರು 20 ದಿನ ಕಳೆದ ಮೇಲೆ ಹೊರಬಿಟ್ಟ ರಾಣಿಯರು ಸಂಗಮಕ್ಕೆ ಹೋಗಿಬಂದರೂ ಆಮೇಲೆ ಜೀವಮಾನವಿಡೀ ಬರೀ ಗಂಡುಮೊಟ್ಟೆ ಇಟ್ಟರು.

ಯಾಕೆ ಹೀಗೆ ಎಂದು ಅವನಿಗೆ ಹೇಳಲಾಗಲಿಲ್ಲ. ಹೇಳಿದವನು ಸೈಲೀಷಿಯಾದ ಪಾದ್ರಿ ಯೋಹಾನ್ ಜಿಯೆರ್ಜೋನ್, 1845ರಲ್ಲಿ. ಗಂಡುನೊಣಕ್ಕೆ ತಂದೆಯೇ ಬೇಡ. ರಾಣಿಯ ಹೊಟ್ಟೆಯಲ್ಲಿ ವೀರ್ಯ ಕಾದಿಡುವ ಒಂದು ಪುಟ್ಟ ಚೀಲವಿದೆ. ಮೊಟ್ಟೆ ಹೊರಬರುವಾಗ ಆ ಚೀಲದಿಂದ ವೀರ್ಯ ಸೇರಿದರೆ ಹೆಣ್ಣು, ಸೇರದಿದ್ದರೆ ಗಂಡು. ರಾಣಿ ತನ್ನ ಆಯುಷ್ಯದ ಆರಂಭದ ಕೆಲವೇ ದಿನಗಳಲ್ಲಿ ಹತ್ತಾರು ಗಂಡುಗಳ ಜೊತೆ ಆಕಾಶದಲ್ಲಿ ಕೂಡಿ ಆ ಚೀಲ ತುಂಬಿಸಿಕೊಳ್ಳಬೇಕು. ಮೊಟ್ಟೆಯಿಡಲು ಶುರುಮಾಡಿದ ಮೇಲೆ ಮತ್ತೆ ಆ ಕೆಲಸಕ್ಕೆ ಅವಳು ಹೊರಗೆ ಹೋಗುವುದಿಲ್ಲ. ಚೀಲ ಅರೆ ತುಂಬಿದರೆ ಬೇಗನೆ ಖಾಲಿ. ತುಂಬದೇ ಹೋದರೆ ಮೊದಲ ದಿನದಿಂದಲೇ ಗಂಡು.

ಈಗ ನಮ್ಮ ತುಡುವೆ ಜೇನಿನ ಸಂಗತಿಗೆ ಬರೋಣ. ಹೊಸ ರಾಣಿ ಹೊರಬಂದ ಐದಾರು ದಿನಕ್ಕೆ ಸಂಗಮಕ್ಕೆ ತಯಾರಾಗುತ್ತಾಳೆ. ಅವಳು ಹಾರುವುದು ಬಿಸಿಲಿದ್ದಾಗ, ಗಾಳಿ ಜೋರಿಲ್ಲದಾಗ. ಶ್ರೀಲಂಕಾದಲ್ಲಿ ನಿಕೊಲಾಸ್ ಕೋನಿಗರ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಬಾಗಿಲ ಬಳಿ ಕೂತು ಗಂಡುನೊಣಗಳ ಹಾರಾಟದ ಹೊತ್ತನ್ನು ಬರೆದುಕೊಂಡರು. ಕೋಲುಜೇನಿನ ಗಂಡುಗಳು ನಡುಮಧ್ಯಾಹ್ನದ ಆಸುಪಾಸು, ತುಡುವೆಯವು ಸಂಜೆ ನಾಲ್ಕೂಕಾಲರಿಂದ ಐದೂಕಾಲರ ನಡುವೆ, ಹೆಜ್ಜೇನಿನವು ಆರು ಗಂಟೆಯ ಮುಸ್ಸಂಜೆಗೆ. ಮೂರು ಜಾತಿಯ ರಾಣಿಯರೂ ಗಂಡನ್ನು ಸೆಳೆಯಲು ಬಿಡುವ ವಾಸನೆಯ ಮುಖ್ಯ ದ್ರವ್ಯ ಒಂದೇ. ಹಾಗಾಗಿ ಒಂದೇ ಕಾಡಿನಲ್ಲಿ ಗೊಂದಲವಾಗದಂತೆ ಗಡಿಯಾರವೇ ಪಾಲು ಮಾಡಿಕೊಟ್ಟಿದೆ.

ಹೊತ್ತು ಊರಿಂದೂರಿಗೆ ತುಸು ಆಚೀಚೆ ಆಗುತ್ತದೆ. ಆದರೆ ತುಡುವೆಯ ರಾಣಿ ಇಳಿಹೊತ್ತಿನವಳು ಎನ್ನುವುದನ್ನು ಇಟ್ಟುಕೊಂಡು ನಮ್ಮ ಘಟ್ಟದ ತಪ್ಪಲಿನ ಏಪ್ರಿಲ್, ಮೇ ತಿಂಗಳನ್ನು ನೆನೆದುಕೊಳ್ಳಿ. ಬೆಳಗಿಡೀ ಸುಡುವ ಬಿಸಿಲು, ಮೂರೂವರೆಗೆ ಮೋಡ, ನಾಲ್ಕಕ್ಕೆ ಗುಡುಗು, ಆರರವರೆಗೆ ಮಳೆ. ಅಕ್ಟೋಬರ್‌ನಲ್ಲೂ ಇದೇ ಕಥೆ. ವಾರಗಟ್ಟಲೆ ಹೀಗೇ ನಡೆದರೆ ಆ ಹೊತ್ತಿಗೆ ಹುಟ್ಟಿದ ರಾಣಿ ಬಾಗಿಲವರೆಗೆ ಬಂದು ಒಳಗೆ ಹೋಗುವುದೇ ಆಗುತ್ತದೆ. ಜುಲೈಯಲ್ಲಿ ರಾಣಿ ಸತ್ತರೆ ಇನ್ನೂ ಕಷ್ಟ. ಆಗ ಹೂವಿಲ್ಲ, ಹೂವಿಲ್ಲದ ಕಾಲದಲ್ಲಿ ಕುಟುಂಬಗಳು ಗಂಡುಗಳನ್ನು ಸಾಕುವುದಿಲ್ಲ, ಇದ್ದವನ್ನೂ ಹೊರದಬ್ಬಿರುತ್ತವೆ. ಎರಡು ದಿನ ಬಿಸಿಲು ಬಿದ್ದು ರಾಣಿ ಹಾರಿದರೂ ಮೇಲೆ ಯಾರೂ ಇಲ್ಲ.

ಆಕಾಶ ನಮ್ಮ ಕೈಯಲ್ಲಿಲ್ಲ. ರಾಣಿಗೇಟು ನಮ್ಮ ಕೈಯಲ್ಲಿದೆ. ಪೆಟ್ಟಿಗೆಯ ಬಾಗಿಲಿಗೆ ಸಿಕ್ಕಿಸುವ ಈ ಸಣ್ಣ ತಗಡಿನ ಸಂದುಗಳಲ್ಲಿ ಕೆಲಸಗಾರ ನೊಣ ತೂರುತ್ತದೆ, ರಾಣಿ ಮತ್ತು ಗಂಡು ತೂರುವುದಿಲ್ಲ. ತುಡುವೆಗೆ ಪರಾರಿಯಾಗುವ ಚಟ ಇರುವುದರಿಂದ ಹೊಸ ಕುಟುಂಬ ಹಿಡಿದು ತಂದವರು ಮೊದಲ ಕೆಲವು ದಿನ ಗೇಟು ಹಾಕುವುದು ಸರಿಯಾದ ಕ್ರಮವೇ. ಆದರೆ ಹಾಕಿದ ಗೇಟು ತೆಗೆಯಲು ಮರೆಯುವುದು, ಅಥವಾ "ಇರಲಿ, ಎರಡು ತಿಂಗಳು ಭದ್ರವಾಗಿರಲಿ" ಎಂದು ಬಿಡುವುದು ಜೇನು ಸಾಕುವವರಲ್ಲಿ ನಾನು ಕಾಣುವ ದೊಡ್ಡ ರೋಗ. ಅಷ್ಟರಲ್ಲಿ ಒಳಗೆ ರಾಣಿ ಬದಲಾಗಿರುತ್ತಾಳೆ. ಹೊಸ ಕನ್ಯೆ ಗೇಟಿನ ಒಳಗೆ ಓಡಾಡಿಕೊಂಡು ಹ್ಯೂಬರ್ ಮಾಡಿದ ಪ್ರಯೋಗವನ್ನೇ ನಮ್ಮ ತೋಟದಲ್ಲಿ ಮತ್ತೊಮ್ಮೆ ಮಾಡಿ ತೋರಿಸುತ್ತಾಳೆ. ಸಂದಿನಲ್ಲಿ ಸಿಕ್ಕು ಸತ್ತ ಗಂಡುಗಳು ಬಾಗಿಲನ್ನೂ ಕಟ್ಟಿಬಿಡುತ್ತವೆ. ಹಳೆಯ ಗೂಡಿನಿಂದ ಪಾಲಾಗಿ ಬಂದ ಹಿಂಡನ್ನು ಪೆಟ್ಟಿಗೆಗೆ ಹಾಕಿದಾಗ ಅದರ ರಾಣಿ ಮೊಟ್ಟೆಯಿಡುವ ಹಳಬಳೋ, ಇನ್ನೂ ಹಾರಬೇಕಾದ ಕನ್ಯೆಯೋ ಎಂದು ತಿಳಿಯದೆ ಗೇಟು ಜಡಿಯಲೇಬಾರದು. ಮೊದಲ ಪಾಲಿನಲ್ಲಿ ಹೋಗುವವಳು ಹಳೆಯ ರಾಣಿ, ಆಮೇಲಿನ ಪಾಲುಗಳಲ್ಲಿ ಹೋಗುವವರು ಕನ್ಯೆಯರು. ಪರಾರಿ ತಪ್ಪಿಸಲು ರಾಣಿಯ ರೆಕ್ಕೆ ಕತ್ತರಿಸುವವರಿಗೂ ಇದೇ ಮಾತು.

ಪೆಟ್ಟಿಗೆ ತೆರೆದು ಓದುವ ಕೆಲಸಕ್ಕೆ ಬರುತ್ತೇನೆ. ನಾನು ಮೊದಲು ನೋಡುವುದು ಎರಿಯನ್ನಲ್ಲ, ಅಡಿಮಣೆಯನ್ನು. ತುಡುವೆಯ ಗಂಡುಮರಿಯ ಕಣದ ಮುಚ್ಚಳಕ್ಕೆ ಒಂದು ವಿಶೇಷವಿದೆ: ಅದು ಗೋಪುರದಂತೆ ಉಬ್ಬಿ, ನೆತ್ತಿಯಲ್ಲಿ ಒಂದು ಸೂಜಿಮೊನೆಯ ತೂತು ಇಟ್ಟುಕೊಂಡಿರುತ್ತದೆ. ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ ಈ ತೂತು ಇಲ್ಲ. ಮರಿ ಬೆಳೆದ ಮೇಲೆ ಈ ಮುಚ್ಚಳಗಳು ಕಳಚಿ ಅಡಿಮಣೆಯ ಮೇಲೆ ಬೀಳುತ್ತವೆ. ಪಾಲಾಗುವ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಅಡಿಮಣೆಯಲ್ಲಿ ಅವು ಕಂಡರೆ ಸಂತೋಷದ ಸುದ್ದಿ, ಕುಟುಂಬ ಬಲವಾಗಿದೆ ಎಂದರ್ಥ. ಕಾಲವಲ್ಲದ ಕಾಲದಲ್ಲಿ, ನೊಣ ಕಡಿಮೆಯಿರುವ ಪೆಟ್ಟಿಗೆಯಲ್ಲಿ ಅವು ಹರಡಿಕೊಂಡಿದ್ದರೆ ಮೇಲೆ ಏನೋ ಎಡವಟ್ಟಾಗಿದೆ.

ಆಮೇಲೆ ಮರಿಗಳಿರುವ ಸಂಸಾರ ಕೋಣೆಯ ನಡುವಿನ ಚೌಕಟ್ಟನ್ನು ಎತ್ತಿ, ಸೂರ್ಯ ಹೆಗಲ ಹಿಂದೆ ಇರುವಂತೆ ನಿಂತು ಎರಿಯನ್ನು ನೋಡಬೇಕು. ಮೊಟ್ಟೆ ಎಂದರೆ ಒಂದೂವರೆ ಮಿಲಿಮೀಟರ್ ಉದ್ದದ ಬಿಳಿಯ ಕಡ್ಡಿ. ಇಟ್ಟ ದಿನ ಕಣದ ತಳದಲ್ಲಿ ನೆಟ್ಟಗೆ ನಿಂತಿರುತ್ತದೆ, ಮರುದಿನ ಓರೆಯಾಗುತ್ತದೆ, ಮೂರನೆಯ ದಿನ ಮಲಗಿ ಒಡೆಯುತ್ತದೆ. ನೆಟ್ಟಗೆ ನಿಂತ ಮೊಟ್ಟೆ ಕಂಡರೆ ರಾಣಿಯನ್ನು ಹುಡುಕುವ ಗೋಜೇ ಬೇಡ, ನಿನ್ನೆ ಮೊನ್ನೆಯವರೆಗೆ ಅವಳಿದ್ದಳು. ಹೊಸಬರು ಅರ್ಧ ಗಂಟೆ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ರಾಣಿ ದರ್ಶನಕ್ಕೆ ಕಾಯುವುದು ನೋಡಿದರೆ ನನಗೆ ನೊಣಗಳ ಮೇಲೆ ಕನಿಕರ ಬರುತ್ತದೆ.

ಮೊಟ್ಟೆ ಕಣಕ್ಕೊಂದರಂತೆ, ತಳದ ಮಧ್ಯದಲ್ಲಿ, ಸಾಲುಬಿಡದೆ ಇದೆ, ಆದರೆ ಮೇಲಿನ ಮುಚ್ಚಿದ ಮರಿಯೆಲ್ಲ ಉಬ್ಬಿಕೊಂಡಿದೆ. ಕೆಲಸಗಾರ ನೊಣದ ಕಿರಿದಾದ ಕಣದಲ್ಲಿ ಗಂಡುಮರಿ ಹಿಡಿಸಲಾರದೆ ಮುಚ್ಚಳವನ್ನು ಮೇಲೆತ್ತಿದೆ. ಇದು ವೀರ್ಯ ತೀರಿದ ಅಥವಾ ಕೂಡದೇ ಉಳಿದ ರಾಣಿಯ ಸಹಿ. ಅದರ ಬದಲು ಒಂದೇ ಕಣದಲ್ಲಿ ಎರಡು, ಮೂರು, ಐದು ಮೊಟ್ಟೆ ತುಂಬಿಕೊಂಡು, ಕೆಲವು ತಳಕ್ಕೆ ಮುಟ್ಟದೆ ಗೋಡೆಗೆ ಅಂಟಿಕೊಂಡಿದ್ದರೆ ಅಲ್ಲಿ ರಾಣಿಯೇ ಇಲ್ಲ. ಕೆಲಸಗಾರ ನೊಣಗಳೇ ಮೊಟ್ಟೆಯಿಡುತ್ತಿವೆ, ಅವುಗಳ ಗಿಡ್ಡ ಹೊಟ್ಟೆ ಕಣದ ತಳ ತಲುಪುವುದಿಲ್ಲ. ಅವು ಕೂಡುವುದಿಲ್ಲವಾದ್ದರಿಂದ ಆ ಮೊಟ್ಟೆಯೂ ಗಂಡೇ. ರಾಣಿಯ ದವಡೆಯ ಗ್ರಂಥಿಯಿಂದ ಹೊರಟು ಬಾಯಿಂದ ಬಾಯಿಗೆ, ಮೀಸೆಯಿಂದ ಮೀಸೆಗೆ ಹರಡುವ ಒಂದು ದ್ರವ್ಯ ಈ ನೊಣಗಳ ಅಂಡಾಶಯವನ್ನು ಹದ್ದಿನಲ್ಲಿಡುತ್ತದೆ ಎಂದು 1950ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಕಾಲಿನ್ ಬಟ್ಲರ್ ತೋರಿಸಿದರು. ಮರಿಯ ವಾಸನೆಯೂ ಅದಕ್ಕೆ ಕೈಜೋಡಿಸುತ್ತದೆ. ಎರಡೂ ಇಲ್ಲವಾದಾಗ ಹದ್ದು ತಪ್ಪುತ್ತದೆ, ಅದೂ ತುಡುವೆಯಲ್ಲಿ ಮೆಲ್ಲಿಫೆರಾಕ್ಕಿಂತ ಬೇಗ. ಇಲ್ಲೊಂದು ಎಚ್ಚರ: ಈಗಷ್ಟೇ ಮೊಟ್ಟೆಯಿಡಲು ತೊಡಗಿದ ಹೊಸ ರಾಣಿಯೂ ಮೊದಲ ಕೆಲವು ದಿನ ಒಂದೊಂದು ಕಣಕ್ಕೆ ಎರಡೆರಡು ಇಡುವುದುಂಟು. ಒಂದು ವಾರ ಬಿಟ್ಟು ಮತ್ತೆ ನೋಡಿ.

ಮೂರನೆಯ ಬಗೆಯೇ ಹವ್ಯಾಸಿಯನ್ನು ಹೆಚ್ಚು ಗೊಂದಲಗೊಳಿಸುವುದು. ಮುಚ್ಚಳ ಚಪ್ಪಟೆಯಾಗಿದೆ, ಹೆಣ್ಣುಮರಿಯೇ ಇದೆ, ಆದರೆ ನಡುನಡುವೆ ಖಾಲಿ ಕಣಗಳು, ಗುಂಡು ಹಾರಿಸಿದ ಹಾಗೆ. ರಾಣಿ ಮುದಿಯಾಗಿದ್ದರೂ ಹೀಗಾಗುತ್ತದೆ. ಅವಳು ತನ್ನದೇ ನೆಂಟರ ಜೊತೆ ಕೂಡಿದ್ದರೂ ಹೀಗಾಗುತ್ತದೆ, ಇದರ ಕಾರಣ ತುಸು ಸ್ವಾರಸ್ಯದ್ದು. ಜೇನಿನಲ್ಲಿ ಹೆಣ್ಣಾಗಲು ಲಿಂಗ ನಿರ್ಧರಿಸುವ ಒಂದು ಜೀನಿನ ಎರಡು ಬೇರೆ ಬೇರೆ ಪ್ರತಿಗಳು ಬೇಕು. ಅಮ್ಮನ ಪ್ರತಿ, ಅಪ್ಪನ ಪ್ರತಿ ಒಂದೇ ಆಗಿಬಿಟ್ಟರೆ ವೀರ್ಯ ಸೇರಿದ ಮೊಟ್ಟೆಯಿಂದಲೂ ಗಂಡೇ ಹುಟ್ಟುತ್ತದೆ. ಇಂಥ ಗಂಡುಮರಿಯನ್ನು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ನೊಣಗಳು ಗುರುತು ಹಿಡಿದು ತಿಂದುಬಿಡುತ್ತವೆ ಎಂದು ಪೋಲೆಂಡಿನ ಯೆರ್ಜಿ ವೊಯ್ಕೆ 1963ರಲ್ಲಿ ಕಂಡುಕೊಂಡರು. ಆ ಜೀನು ಸಿಕ್ಕಿದ್ದು 2003ರಲ್ಲಿ, ಜರ್ಮನಿಯ ಮಾರ್ಟಿನ್ ಬೈಯೆ ಮತ್ತು ಜೊತೆಗಾರರಿಗೆ. ಖಾಲಿ ಕಣ ಎಂದರೆ ಅಲ್ಲೊಂದು ಮೊಟ್ಟೆ ಇತ್ತು, ಅಕ್ಕ ತಿಂದಳು. ಸುತ್ತಲಿನ ಮರದ ಪೊಟರೆಗಳಲ್ಲಿ, ಹುತ್ತಗಳಲ್ಲಿ ಕಾಡುಕುಟುಂಬಗಳು ಧಾರಾಳವಾಗಿರುವ ಊರಿನಲ್ಲಿ ಈ ಕಾಟ ಕಡಿಮೆ, ರಾಣಿಗೆ ಬಗೆಬಗೆಯ ಗಂಡುಗಳು ಸಿಗುತ್ತವೆ. ಒಂದೇ ಕುಟುಂಬವನ್ನು ಪಾಲು ಮಾಡಿ ಮಾಡಿ ಹತ್ತು ಪೆಟ್ಟಿಗೆ ತುಂಬಿಸಿಕೊಂಡು, ಹಳೆಯ ಮರಗಳನ್ನೆಲ್ಲ ಕಡಿದ ತೋಟದಲ್ಲಿ ಇದು ಬೇಗ ತಲೆಹಾಕುತ್ತದೆ. ಎರಡು ಊರಾಚೆಯಿಂದ ಒಂದು ಕುಟುಂಬ ತಂದಿಡುವುದು ಇದಕ್ಕೆ ಸುಲಭದ ಮದ್ದು.

ಆದರೆ ಖಾಲಿ ಕಣಕ್ಕೆಲ್ಲ ರಾಣಿಯನ್ನು ದೂರಬೇಡಿ. 1991-92ರಲ್ಲಿ ಕೇರಳ, ಕರ್ನಾಟಕದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ಇಂದಿಗೂ ಆಗೀಗ ಬಂದು ಹೋಗುತ್ತಿರುತ್ತದೆ. ಅದರಲ್ಲಿ ಮರಿಹುಳು ಪ್ಯೂಪಾ ಆಗುವ ಮೊದಲೇ ಕಣದಲ್ಲಿ ತಲೆ ಮೇಲೆತ್ತಿಕೊಂಡು ಸತ್ತಿರುತ್ತದೆ. ಚಿಮುಟದಿಂದ ಎತ್ತಿದರೆ ಒಳಗೆ ನೀರು ತುಂಬಿದ ಚೀಲವಾಗಿ ಹೊರಬರುತ್ತದೆ. ರಾಣಿ ದೋಷದ ಪೆಟ್ಟಿಗೆಯಲ್ಲಿ ಕಣ ಖಾಲಿ ಇರುತ್ತದೆ, ರೋಗದ ಪೆಟ್ಟಿಗೆಯಲ್ಲಿ ಕಣದಲ್ಲಿ ಹೆಣವಿರುತ್ತದೆ. ಈ ವ್ಯತ್ಯಾಸ ನೋಡದೆ ರೋಗದ ಎರಿಯನ್ನು ಬಲಪಡಿಸಲೆಂದು ಇನ್ನೊಂದು ಪೆಟ್ಟಿಗೆಗೆ ಕೊಟ್ಟರೆ ಎರಡೂ ಹೋಯಿತು.

ಕಾಲಿಲ್ಲದ ರಾಣಿ, ರೆಕ್ಕೆ ಹರಿದ ರಾಣಿ, ಕುಳ್ಳಿ ರಾಣಿ ಎಂದೆಲ್ಲ ನೋಟದ ದೋಷಗಳೂ ಇವೆ. ಕೂಡಿಬಂದ ರಾಣಿಗೆ ರೆಕ್ಕೆ ಹರಿದರೆ ಮೊಟ್ಟೆಗೇನೂ ತೊಂದರೆಯಿಲ್ಲ. ಮುಂಗಾಲಿಗೆ ಪೆಟ್ಟಾದರೆ ಮಾತ್ರ ಯೋಚಿಸಬೇಕು: ಕಣ ದೊಡ್ಡದೋ ಚಿಕ್ಕದೋ ಎಂದು ರಾಣಿ ಅಳೆಯುವುದು ಮುಂಗಾಲಿನಿಂದ, ಆ ಅಳತೆಯ ಮೇಲೆಯೇ ಗಂಡುಮೊಟ್ಟೆಯೋ ಹೆಣ್ಣುಮೊಟ್ಟೆಯೋ ಎಂಬ ತೀರ್ಮಾನ.

ಇಷ್ಟೆಲ್ಲ ನಾವು ನೋಡುವ ಮೊದಲೇ ನೊಣಗಳು ನೋಡಿರುತ್ತವೆ. ರಾಣಿಯ ವಾಸನೆ ಇಳಿಯುತ್ತಾ ಬಂದರೆ ಅವು ತಾವೇ ಒಂದೋ ಎರಡೋ ರಾಣಿಕೋಶ ಕಟ್ಟಿ, ಗದ್ದಲವಿಲ್ಲದೆ ಯಜಮಾನಿಯನ್ನು ಬದಲಿಸುತ್ತವೆ. ಪಾಲಾಗುವ ಸಿದ್ಧತೆಯ ಕೋಶಗಳಾದರೆ ಎರಿಯ ಕೆಳಅಂಚಿನಲ್ಲಿ ಸಾಲಾಗಿ, ಹಲವು ನೇತಾಡುತ್ತವೆ. ಬದಲಾವಣೆಯ ಕೋಶಗಳು ಕಡಿಮೆ. ರಾಣಿ ಹಠಾತ್ತಾಗಿ ಸತ್ತಾಗ ಕಟ್ಟುವ ತುರ್ತುಕೋಶಗಳು ಎರಿಯ ಮೈಮೇಲೆ, ಕೆಲಸಗಾರ ನೊಣದ ಕಣವನ್ನೇ ಹಿಗ್ಗಿಸಿ ಕಟ್ಟಿದಂಥವು. ಮಂಕಾದ ಕುಟುಂಬದಲ್ಲಿ ಒಂದೆರಡು ಕೋಶ ಕಂಡಾಗ "ಅಯ್ಯೋ, ಪಾಲಾಗಿ ಹೋಗ್ತದೆ" ಎಂದು ಗಾಬರಿಯಿಂದ ಮುರಿದು ಹಾಕುವುದು, ನೊಣಗಳೇ ಬರೆದುಕೊಂಡ ಔಷಧಿಯ ಚೀಟಿಯನ್ನು ನಾವು ಹರಿದು ಹಾಕಿದಂತೆ. ಋತು ಸರಿಯಾಗಿದ್ದರೆ, ಊರಲ್ಲಿ ಗಂಡುಗಳು ಹಾರುತ್ತಿದ್ದರೆ, ಮುಚ್ಚಳ ಹಾಕಿ ಮೂರು ವಾರ ಸುಮ್ಮನಿರುವುದೇ ಒಳ್ಳೆಯ ಚಿಕಿತ್ಸೆ.

ಸುಮ್ಮನಿರಬಾರದ ಸಂದರ್ಭ ಯಾವುದೆಂದು ತಿಳಿಯಲು ಸ್ವಲ್ಪ ಕೂಡಿ ಕಳೆಯಬೇಕು. ಒಳ್ಳೆಯ ರಾಣಿ ಇವತ್ತು ಸತ್ತಳು ಎಂದಿಟ್ಟುಕೊಳ್ಳಿ. ನೊಣಗಳು ಎಳೆಯ ಮರಿಹುಳುವನ್ನು ಆರಿಸಿ ತುರ್ತುಕೋಶ ಕಟ್ಟಿದರೆ ಸುಮಾರು 12 ದಿನಕ್ಕೆ ಕನ್ಯೆ ಹೊರಬರುತ್ತಾಳೆ. ಬಲಿಯಲು ಐದಾರು ದಿನ, ಕೂಡಿಬಂದ ಮೇಲೆ ಮೊಟ್ಟೆಗೆ ಎರಡು ಮೂರು ದಿನ. ಹವೆ ಚೆನ್ನಾಗಿದ್ದರೂ ಮೂರು ವಾರ. ಆ ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಮತ್ತೆ 18ರಿಂದ 20 ದಿನ. ಒಟ್ಟು ಸುಮಾರು 40 ದಿನ. ದುಡಿಯುವ ಕಾಲದಲ್ಲಿ ಕೆಲಸಗಾರ ನೊಣದ ಆಯುಸ್ಸೇ ಸುಮಾರು ಆರು ವಾರ. ಆದರೂ ಕುಟುಂಬ ಉಳಿಯುತ್ತದೆ, ಯಾಕೆಂದರೆ ಸತ್ತ ರಾಣಿ ಬಿಟ್ಟುಹೋದ ಮರಿ ಮೊದಲ 20 ದಿನ ಹೊರಬರುತ್ತಲೇ ಇರುತ್ತದೆ. ಗಂಡನ್ನೇ ಹೆರುವ ರಾಣಿಯ ಪೆಟ್ಟಿಗೆಯಲ್ಲಿ ಈ ಉಳಿತಾಯ ಇಲ್ಲ. ನಮ್ಮ ಕಣ್ಣಿಗೆ ಉಬ್ಬಿದ ಮುಚ್ಚಳ ಬೀಳುವ ಹೊತ್ತಿಗೆ ವಾರಗಳಿಂದ ಅಲ್ಲಿ ಒಂದು ಹೆಣ್ಣೂ ಹುಟ್ಟಿಲ್ಲ, ಇರುವವರೆಲ್ಲ ಮುದುಕಿಯರು. ರಾಣಿ ಸತ್ತ ಪೆಟ್ಟಿಗೆಗಿಂತ ಕೆಟ್ಟ ರಾಣಿ ಬದುಕಿರುವ ಪೆಟ್ಟಿಗೆಯೇ ಹೆಚ್ಚು ಅಪಾಯದಲ್ಲಿದೆ ಎನ್ನುವುದು ಈ ಕಾರಣಕ್ಕೆ. ಕೆಟ್ಟವಳಾದರೂ ರಾಣಿಯ ವಾಸನೆ ಇರುವುದರಿಂದ ನೊಣಗಳು ಬೇರೊಬ್ಬಳನ್ನು ಎಬ್ಬಿಸುವ ಉಸಾಬರಿಗೂ ಹೋಗದೆ ಇರಬಹುದು, ಎಬ್ಬಿಸ ಹೊರಟರೂ ಅದಕ್ಕೆ ಬೇಕಾದ ಹೆಣ್ಣುಮೊಟ್ಟೆ ಒಳಗಿಲ್ಲ.

ಹಾಗಾಗಿ ರಿಪೇರಿಗೆ ಬೇಕಾದ ಮೊದಲ ಸಾಮಗ್ರಿ ಇನ್ನೊಂದು ಪೆಟ್ಟಿಗೆ. ಇದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಅಮೆರಿಕ, ಯುರೋಪಿನಲ್ಲಿ ಮೆಲ್ಲಿಫೆರಾ ಸಾಕುವವರು ಕೂಡಿದ ರಾಣಿಯನ್ನು ಸಣ್ಣ ಪಂಜರದಲ್ಲಿ ಅಂಚೆಯಲ್ಲೇ ತರಿಸಿಕೊಳ್ಳುತ್ತಾರೆ. ತುಡುವೆಗೆ ಅಂಥ ಮಾರುಕಟ್ಟೆ ನಮ್ಮಲ್ಲಿ ಬೆಳೆದಿಲ್ಲ. ಒಂದೇ ಪೆಟ್ಟಿಗೆ ಇಟ್ಟವರಿಗೆ ರಾಣಿ ಕೆಟ್ಟರೆ ಬೇರೆಯವರ ಮನೆ ಬಾಗಿಲೇ ಗತಿ. ಜೇನು ಸಾಕುವ ಆಸೆಯವರು ಕೇಳಿದಾಗಲೆಲ್ಲ ಒಂದು ಬೇಡ, ಎರಡು ಇಡಿ ಎನ್ನುವುದು ಇದಕ್ಕೇ.

ರಾಣಿ ಇದ್ದಾಳೋ ಇಲ್ಲವೋ ಎಂಬ ಅನುಮಾನವಿದ್ದರೆ ಒಳ್ಳೆಯ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆಮರಿ ಇರುವ ಒಂದು ಚೌಕಟ್ಟನ್ನು, ನೊಣ ಕೊಡವಿ, ರಾಣಿ ಅಂಟಿಕೊಂಡಿಲ್ಲ ಎಂದು ಎರಡು ಸಲ ನೋಡಿ, ಅನುಮಾನದ ಪೆಟ್ಟಿಗೆಯ ನಡುವೆ ಇಳಿಸಿ. ಮೂರು ನಾಲ್ಕು ದಿನ ಬಿಟ್ಟು ನೋಡಿದಾಗ ಆ ಎರಿಯ ಮೇಲೆ ರಾಣಿಕೋಶ ಎದ್ದಿದ್ದರೆ ಒಳಗೆ ರಾಣಿಯಿಲ್ಲ, ಚಿಕಿತ್ಸೆಯೂ ಜೊತೆಗೇ ಶುರುವಾಗಿದೆ. ಏಳದಿದ್ದರೆ ಬಹುಮಟ್ಟಿಗೆ ಯಾರೋ ಒಬ್ಬಳಿದ್ದಾಳೆ.

ಇದ್ದು ಕೆಟ್ಟವಳಾಗಿದ್ದರೆ ಅವಳನ್ನು ತೆಗೆಯಲೇಬೇಕು. ಕೂಡದ ರಾಣಿಯ ಹೊಟ್ಟೆ ಸಣ್ಣ, ಓಟ ಜೋರು, ಎರಿಯ ಮರೆಯಿಂದ ಮರೆಗೆ ನುಸುಳುತ್ತಾಳೆ. ಹೊಗೆತಿದಿಯಲ್ಲಿ ಹೊಗೆ ಹೆಚ್ಚು ಮಾಡಿದರೆ ಇನ್ನೂ ಓಡುತ್ತಾಳೆ, ಎರಡು ಉಸಿರು ಹೊಗೆ ಸಾಕು. ಬಿಸಿಲೇರುವ ಹೊತ್ತಿನಲ್ಲಿ, ಹೊರಗಿನ ನೊಣಗಳು ಮೇಯಲು ಹೋದಾಗ ಹುಡುಕುವುದು ಸುಲಭ. ಸಿಕ್ಕಮೇಲೆ ಎರಡು ಬೆರಳಿನ ಕೆಲಸ. ಇದು ಮನಸ್ಸಿಗೆ ಒಗ್ಗದವರಿದ್ದಾರೆ. ಅವಳನ್ನು ಪಕ್ಕದ ಗಿಡದ ಮೇಲೆ ಬಿಟ್ಟು ಬಂದೆ ಎನ್ನುವವರನ್ನೂ ಕಂಡಿದ್ದೇನೆ. ಒಂಟಿ ರಾಣಿ ಹೊರಗೆ ಒಂದೆರಡು ದಿನ ಬದುಕಿದರೆ ಹೆಚ್ಚು, ಹಾಗಾಗಿ ಅದು ದಯೆಯಲ್ಲ, ನಮ್ಮ ಕಣ್ಣು ತಪ್ಪಿಸಿಕೊಳ್ಳುವ ದಾರಿ. ಸ್ಪಿರಿಟ್ಟಿನ ಸೀಸೆಗೆ ಹಾಕಿಟ್ಟರೆ ಆ ವಾಸನೆಯ ದ್ರವದ ಎರಡು ಹನಿ ಮುಂದೆ ಖಾಲಿ ಪೆಟ್ಟಿಗೆಗೆ ಹಿಂಡನ್ನು ಕರೆಯಲು ಉಪಯೋಗಕ್ಕೆ ಬರುತ್ತದೆ.

ತೆಗೆದ ಮೇಲೆ ಏನು? ಪಾಲಾಗುವ ಕಾಲವಾದರೆ ಬಲವಾದ ಪೆಟ್ಟಿಗೆಯಲ್ಲಿ ಬಲಿತ ರಾಣಿಕೋಶ ಸಿಗುತ್ತದೆ. ತುದಿಯ ಮೇಣ ಸವೆದು ಕಂದು ಬಣ್ಣ ಕಾಣುತ್ತಿದ್ದರೆ ಒಂದೆರಡು ದಿನದಲ್ಲಿ ಒಡೆಯುತ್ತದೆ ಎಂದರ್ಥ. ಸುತ್ತ ಎರಡು ಬೆರಳು ಎರಿಯ ಸಮೇತ ಕೊಯ್ದು, ತಲೆಕೆಳಗು ಮಾಡದೆ, ಅಲುಗಿಸದೆ ತಂದು ರಾಣಿಯಿಲ್ಲದ ಪೆಟ್ಟಿಗೆಯ ನಡು ಎರಿಗೆ ಹೊಂದಿಸಿ. ಜೊತೆಗೆ ಮುಚ್ಚಿದ ಹೆಣ್ಣುಮರಿಯ ಒಂದು ಚೌಕಟ್ಟು ಕೊಡಲೇಬೇಕು, ಮುದುಕಿಯರ ಮನೆಗೆ ಎಳೆಯರು ಬೇಕಲ್ಲ. ಕೂಡಿದ ರಾಣಿಯೇ ಎಲ್ಲಾದರೂ ಸಿಕ್ಕರೆ ಜಾಲರಿಯ ಪಂಜರದಲ್ಲಿಟ್ಟು, ಬಾಯಿಗೆ ಪುಡಿಸಕ್ಕರೆ ಜೇನುತುಪ್ಪದಲ್ಲಿ ಕಲೆಸಿದ ಗಟ್ಟಿಹಿಟ್ಟು ಮೆತ್ತಿ ಎರಿಗಳ ನಡುವೆ ಇಡುತ್ತಾರೆ. ನೊಣಗಳು ಹಿಟ್ಟು ತಿಂದು ದಾರಿ ಬಿಡಿಸುವಷ್ಟರಲ್ಲಿ ಅವಳ ವಾಸನೆ ಮನೆಯದಾಗಿರುತ್ತದೆ. ಪಂಜರದ ಮೇಲೆ ನೊಣಗಳು ಮುದ್ದೆಗಟ್ಟಿ, ಬೆರಳಿನಿಂದ ಸರಿಸಿದರೂ ಕಚ್ಚಿ ಹಿಡಿದಿದ್ದರೆ ಇನ್ನೂ ಒಪ್ಪಿಲ್ಲ. ಸರಾಗವಾಗಿ ಸರಿದರೆ ಒಪ್ಪಿವೆ.

ಕುಟುಂಬ ಎರಡು ಮೂರು ಎರಿಗೆ ಇಳಿದಿದ್ದರೆ ಇದ್ಯಾವುದೂ ಬೇಡ. ಹೊತ್ತು ಮುಳುಗಿದ ಮೇಲೆ ಬಲವಾದ ಪೆಟ್ಟಿಗೆಯ ಸಂಸಾರ ಕೋಣೆಯ ಮೇಲೆ ಒಂದು ಹಾಳೆ ದಿನಪತ್ರಿಕೆ ಹಾಸಿ, ಗುಂಡುಪಿನ್ನಿನಿಂದ ನಾಲ್ಕಾರು ತೂತು ಮಾಡಿ, ಅದರ ಮೇಲೆ ರಾಣಿ ತೆಗೆದ ಕೋಣೆಯನ್ನು ಕೂರಿಸಿ. ಒಂದೆರಡು ದಿನದಲ್ಲಿ ಕಾಗದ ಪುಡಿಪುಡಿಯಾಗಿ ಬಾಗಿಲಲ್ಲಿ ಬಿದ್ದಿರುತ್ತದೆ, ವಾಸನೆ ಬೆರೆತು ಜಗಳವಿಲ್ಲದೆ ಒಂದಾಗಿರುತ್ತವೆ. ಖಾಲಿಯಾದ ಎರಿಗಳನ್ನು ಹಾಗೇ ಬಿಡಬಾರದು, ಮೇಣದ ಹುಳು ಕಾದಿರುತ್ತದೆ. ಮಳೆಗಾಲದಲ್ಲಿ ರಾಣಿ ಕೆಟ್ಟರೆ ನನ್ನ ಮತ ಯಾವಾಗಲೂ ಈ ಕೂಡಿಸುವಿಕೆಗೇ. ಗಂಡುನೊಣವೇ ಇಲ್ಲದ ಜುಲೈಯಲ್ಲಿ ಹೊಸ ರಾಣಿ ಎಬ್ಬಿಸಲು ಹೊರಡುವುದು ಸಕ್ಕರೆ ನೀರಿಗೆ ದಂಡ.

ಕೆಲಸಗಾರ ನೊಣಗಳೇ ಮೊಟ್ಟೆಯಿಡುವ ಪೆಟ್ಟಿಗೆ ಎಲ್ಲಕ್ಕಿಂತ ಮೊಂಡು. ಅಲ್ಲಿಗೆ ಹೊಸ ರಾಣಿ ಕೊಟ್ಟರೆ ಮುತ್ತಿ ಕೊಲ್ಲುವುದೇ ಹೆಚ್ಚು. ಎಳೆಮರಿಯ ಚೌಕಟ್ಟನ್ನು ವಾರಕ್ಕೊಂದರಂತೆ ಎರಡು ಮೂರು ಸಲ ಕೊಟ್ಟರೆ ಮರಿಯ ವಾಸನೆಗೆ ಅಂಡಾಶಯಗಳು ಕುಗ್ಗಿ, ಕೊನೆಗೆ ರಾಣಿಕೋಶ ಕಟ್ಟುವ ಬುದ್ಧಿ ಬರುವುದುಂಟು. ಪೆಟ್ಟಿಗೆಯನ್ನು ದೂರ ಒಯ್ದು ನೊಣವನ್ನೆಲ್ಲ ನೆಲಕ್ಕೆ ಕೊಡವಿದರೆ ಮೊಟ್ಟೆಯಿಡುವವು ಹಾರಲಾರದೆ ಅಲ್ಲೇ ಉಳಿಯುತ್ತವೆ ಎಂಬ ನಂಬಿಕೆ ಬಹಳ ಕಡೆ ಇದೆ. ಅವಕ್ಕೂ ರೆಕ್ಕೆಯಿದೆ, ದಾರಿಯೂ ಗೊತ್ತಿದೆ. ಕೊಡವುವುದರಿಂದ ಲಾಭವಿದ್ದರೆ ಅದು ನೊಣಗಳು ಚದುರಿ ಅಕ್ಕಪಕ್ಕದ ಪೆಟ್ಟಿಗೆಗಳಿಗೆ ಭಿಕ್ಷೆ ಬೇಡಿ ಸೇರಿಕೊಳ್ಳುವುದರಿಂದ, ಆ ಪೆಟ್ಟಿಗೆ ಉಳಿಯುವುದರಿಂದಲ್ಲ.

ತುಡುವೆಯ ರಾಣಿ ಚೆನ್ನಾಗಿ ಮೊಟ್ಟೆಯಿಡುವುದು ಒಂದು, ಹೆಚ್ಚೆಂದರೆ ಎರಡು ವರ್ಷ. ಅವಳ ವಯಸ್ಸು ನೆನಪಿಡಲು ಬೆನ್ನಿಗೆ ಬಣ್ಣದ ಚುಕ್ಕೆ ಇಡುವ ಪದ್ಧತಿ ಲೋಕದಲ್ಲೆಲ್ಲ ಇದೆ. ಹುಟ್ಟಿದ ಇಸವಿಯ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7 ಹಳದಿ, 3 ಅಥವಾ 8 ಕೆಂಪು, 4 ಅಥವಾ 9 ಹಸಿರು, 5 ಅಥವಾ 0 ನೀಲಿ. ಚುಕ್ಕೆಯಿದ್ದ ರಾಣಿಯ ಜಾಗದಲ್ಲಿ ಚುಕ್ಕೆಯಿಲ್ಲದವಳು ಕಂಡರೆ ನಮಗೆ ತಿಳಿಯದಂತೆ ಒಳಗೆ ಬದಲಾವಣೆ ನಡೆದಿದೆ ಎಂದೂ ಗೊತ್ತಾಗುತ್ತದೆ.

ಇನ್ನೊಂದು ಅಭ್ಯಾಸವನ್ನು ಶಿಫಾರಸು ಮಾಡುತ್ತೇನೆ. ಜನವರಿಯಲ್ಲಿ, ಬಲವಾದ ಪೆಟ್ಟಿಗೆ ಕೋಶ ಕಟ್ಟಿದಾಗ, ಮರಿಯ ಎರಡು ಎರಿ, ತುಪ್ಪ-ಪರಾಗದ ಒಂದು ಎರಿ, ಒಂದು ಒಳ್ಳೆಯ ರಾಣಿಕೋಶ ತೆಗೆದು ನಾಲ್ಕು ಚೌಕಟ್ಟಿನ ಸಣ್ಣ ಪೆಟ್ಟಿಗೆಯಲ್ಲಿ ಬೇರೆ ಸಂಸಾರ ಹೂಡಿಡಿ, ರಾಣಿಗೇಟು ಇಲ್ಲದೆ. ಆಗ ಸಂಜೆಗಳು ಒಣಗಿರುತ್ತವೆ, ಊರೆಲ್ಲ ಗಂಡುನೊಣ, ರಾಣಿ ಕೂಡಿಬರುವುದು ಬಹುತೇಕ ಖಚಿತ. ಆ ಪುಟ್ಟ ಪೆಟ್ಟಿಗೆಯಿಂದ ತುಪ್ಪ ನಿರೀಕ್ಷಿಸಬೇಡಿ, ಅದು ಇರುವುದು ಒಬ್ಬ ರಾಣಿಯನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಲು. ಏಪ್ರಿಲ್‌ನಲ್ಲಿ ದೊಡ್ಡ ಪೆಟ್ಟಿಗೆಯ ಎರಿ ಉಬ್ಬತೊಡಗಿದರೆ ಕೆಟ್ಟವಳನ್ನು ತೆಗೆದು, ಕಾಗದ ಹಾಸಿ, ಇದನ್ನು ಮೇಲೆ ಕೂರಿಸಿದರಾಯಿತು. ಮಳೆ ಶುರುವಾಗುವವರೆಗೂ ಅದರ ಅಗತ್ಯ ಬೀಳದಿದ್ದರೆ, ಪೆಟ್ಟಿಗೆ ತಯಾರು ಮಾಡಿಟ್ಟು ಕುಟುಂಬಕ್ಕೆ ಕಾಯುತ್ತಿರುವವರು ಊರಿಗೆ ಒಬ್ಬರಾದರೂ ಇರುತ್ತಾರೆ, ಅವರಿಗೆ ಕೊಡಿ.